ಶಿಕ್ಷಕರು ಊರಲ್ಲಿ ನಿಲ್ಲುವ ಪ್ರಶ್ನೆ: ರಾಯಚೂರು, ದೇವದುರ್ಗ, ಮಾನ್ವಿಯ ಸರ್ಕಾರಿ ಶಾಲೆಗಳ ಇತಿಹಾಸ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯಲ್ಲಿ ಸರ್ಕಾರಿ ಶಾಲೆಗೆ ಶಿಕ್ಷಕರನ್ನು ನೇಮಿಸುವುದಕ್ಕಿಂತ, ನೇಮಕವಾದವರನ್ನು ಅಲ್ಲೇ ಉಳಿಸಿಕೊಳ್ಳುವುದು ಹೆಚ್ಚು ಕಷ್ಟದ ಕೆಲಸವಾಗಿ ಬಂದಿದೆ. ಆಳುವವರು ಬದಲಾದರು, ಕಲಿಸುವ ಭಾಷೆ ಬದಲಾಯಿತು, ಜೋಳದ ಸೇರಿನಲ್ಲಿ ಸಲ್ಲುತ್ತಿದ್ದ ಸಂಬಳ ಬ್ಯಾಂಕ್ ಖಾತೆಗೆ ಬಂತು. ಈ ಕಷ್ಟ ಮಾತ್ರ ಒಂದೊಂದು ಕಾಲಕ್ಕೆ ಒಂದೊಂದು ರೂಪದಲ್ಲಿ ಮುಂದುವರಿಯಿತು.

ಜಿಲ್ಲೆಯ ಒಳಗೂ ಎಲ್ಲ ಕಡೆ ಸ್ಥಿತಿ ಒಂದೇ ತೆರನಾಗಿಲ್ಲ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಹತ್ತಿ ಮತ್ತು ಎಣ್ಣೆಕಾಳುಗಳ ವ್ಯಾಪಾರ, ಕಚೇರಿ, ಆಸ್ಪತ್ರೆ, ಹೈಸ್ಕೂಲುಗಳೆಲ್ಲ ನಗರದಲ್ಲಿ ಸೇರಿಕೊಂಡವು. ಸುಮಾರು 45 ಕಿಲೋಮೀಟರ್ ದೂರದ ಮಾನ್ವಿಗೂ ಸುಮಾರು 55 ಕಿಲೋಮೀಟರ್ ದೂರದ ದೇವದುರ್ಗಕ್ಕೂ 20ನೇ ಶತಮಾನ ಮುಗಿದರೂ ರಸ್ತೆಯೊಂದೇ ದಾರಿಯಾಗಿತ್ತು. ಮಾನ್ವಿಯ ಒಂದು ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಹಣ ಬಂತು. ಕೃಷ್ಣೆಯ ಮಗ್ಗುಲಲ್ಲೇ ಇದ್ದ ದೇವದುರ್ಗ ಬಹುಕಾಲ ಒಣಬೇಸಾಯದಲ್ಲೇ ಉಳಿಯಿತು. ಶಿಕ್ಷಕರು ಎಲ್ಲಿ ಮನೆ ಮಾಡಿದರು, ಎಲ್ಲಿಂದ ಹೊರಟುಹೋದರು ಎಂಬುದನ್ನು ಬಹುಮಟ್ಟಿಗೆ ಈ ವ್ಯತ್ಯಾಸವೇ ನಿರ್ಧರಿಸಿತು.

ಊರು ಸಾಕಿದ ಐಗಳು

ಸರ್ಕಾರ ಶಾಲೆ ತೆರೆಯುವ ಮೊದಲು ಅಕ್ಷರ ಕಲಿಸುವ ಕೆಲಸ ಐಗಳು ಎಂಬ ಊರ ಗುರುಗಳದಾಗಿತ್ತು. ಗುಡಿಯ ಪೌಳಿ, ಮಠದ ಪಡಸಾಲೆ ಅಥವಾ ಉಳ್ಳವರ ಮನೆಯ ಕಟ್ಟೆಯೇ ಶಾಲೆ. ನೆಲದ ಮೇಲೆ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದಿಸುವುದು, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸುವುದು, ದೊಡ್ಡ ಹುಡುಗರಿಗೆ ಲೆಕ್ಕಪತ್ರ ಬರೆಯುವ ರೂಢಿ ಮಾಡಿಸುವುದು ಅಲ್ಲಿನ ಪಾಠಕ್ರಮ. ಐಗಳಿಗೆ ತಿಂಗಳ ಪಗಾರ ಇರಲಿಲ್ಲ. ಸುಗ್ಗಿಯಲ್ಲಿ ಜೋಳ, ಅಮಾವಾಸ್ಯೆಗೆ ಎಣ್ಣೆ ಮತ್ತು ಬೇಳೆ, ಹುಡುಗ ಹೊಸ ಪಾಠಕ್ಕೆ ಏರಿದಾಗ ದಕ್ಷಿಣೆ ಸಲ್ಲುತ್ತಿತ್ತು. ಕನ್ನಡ ನಾಡಿನ ಹಲವೆಡೆ ಮಹಾನವಮಿಯ ಹೊತ್ತಿಗೆ ಶಾಲೆಯ ಹುಡುಗರು ಮನೆಮನೆಯ ಮುಂದೆ ಪದ ಹಾಡಿ ಕಾಳು ಮತ್ತು ಕಾಸು ಕೂಡಿಸಿ ಗುರುವಿಗೆ ಒಪ್ಪಿಸುವ ಪದ್ಧತಿಯೂ ಇತ್ತು.

ಈ ಏರ್ಪಾಟಿನಲ್ಲಿ ಶಿಕ್ಷಕ ಊರಿನವನೇ ಆಗಿರುತ್ತಿದ್ದ, ಇಲ್ಲವೇ ಊರು ಕರೆತಂದು ಮನೆ ಕೊಟ್ಟು ಇರಿಸಿಕೊಂಡವನಾಗಿರುತ್ತಿದ್ದ. ಪಾಠ ಸರಿಯಿಲ್ಲದಿದ್ದರೆ ಜೋಳ ಬರುತ್ತಿರಲಿಲ್ಲ. ಜೋಳ ಬರದಿದ್ದರೆ ಐಗಳು ನಿಲ್ಲುತ್ತಿರಲಿಲ್ಲ. ಆದರೆ ಅದರ ಮಿತಿಯೂ ಅಷ್ಟೇ ದೊಡ್ಡದು. ಹೆಣ್ಣುಮಕ್ಕಳಿಗೆ, ದಲಿತರಿಗೆ, ಕೂಲಿಕಾರರ ಮಕ್ಕಳಿಗೆ ಆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಮಾನ್ವಿ ಸೀಮೆ ಚೀಕಲಪರ್ವಿಯ ವಿಜಯದಾಸರನ್ನೂ ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರನ್ನೂ (1728–1809) ಕೊಟ್ಟ ನೆಲ. ಅಂಥ ವಿದ್ಯೆ ಗುರುಶಿಷ್ಯ ಪರಂಪರೆಯಲ್ಲಿ ಉಳಿಯಿತೇ ಹೊರತು ಊರಿನ ಎಲ್ಲ ಮಕ್ಕಳಿಗೆ ತಲುಪಲಿಲ್ಲ.

ನಿಜಾಮರ ಕಾಲದ ಮುದರ್ರಿಸ್

ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿದ್ದು, ಮತ್ತೆ ಹೈದರಾಬಾದಿನ ನಿಜಾಮರಿಗೆ ಮರಳಿತು. ದಿವಾನ ಒಂದನೇ ಸಾಲಾರ್ ಜಂಗ್ ಆಡಳಿತವನ್ನು ಜಿಲ್ಲೆ, ತಾಲ್ಲೂಕುಗಳಾಗಿ ಕಟ್ಟಿದಾಗ ಅವುಗಳ ಕೇಂದ್ರಗಳಲ್ಲಿ ಸರ್ಕಾರಿ ಶಾಲೆಗಳೂ ಹುಟ್ಟಿಕೊಂಡವು. ಮುಂದೆ ಶಾಲೆಗಳು ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂಬ ಮೂರು ಮೆಟ್ಟಿಲುಗಳಲ್ಲಿ ನಿಂತವು. ಇಂದಿನ ಲೆಕ್ಕದಲ್ಲಿ ಪ್ರಾಥಮಿಕ, ಮಾಧ್ಯಮಿಕ ಮತ್ತು ಪ್ರೌಢ. ಕಲಿಸುವವ ಮುದರ್ರಿಸ್, ಮುಖ್ಯೋಪಾಧ್ಯಾಯ ಸದರ್ ಮುದರ್ರಿಸ್. 1880ರ ದಶಕದಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. 1921ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಶುಲ್ಕ ತೆಗೆದುಹಾಕಲಾಯಿತು.

ಇಲ್ಲಿಂದ ಶಿಕ್ಷಕನ ಅನ್ನ ಊರಿನ ಕೈ ತಪ್ಪಿ ಇಲಾಖೆಯ ಕೈ ಸೇರಿತು. ಸಂಬಳ ಖಾತ್ರಿಯಾಯಿತು, ಬಡವರ ಮಕ್ಕಳಿಗೂ ಬಾಗಿಲು ತೆರೆಯಿತು. ಜೊತೆಗೆ ವರ್ಗಾವಣೆಯೂ ಬಂತು: ಎಲ್ಲಿರಬೇಕು, ಎಷ್ಟು ದಿನ ಇರಬೇಕು ಎಂಬುದನ್ನು ಹೈದರಾಬಾದಿನ ತಾಲೀಮಾತ್ (ಶಿಕ್ಷಣ) ಇಲಾಖೆ ನಿರ್ಧರಿಸತೊಡಗಿತು. ಭಾಷೆಯ ತೊಡಕು ಇನ್ನೂ ಆಳದ್ದು. ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ ಇದ್ದುದರಿಂದ ಕನ್ನಡದಲ್ಲಿ ಓದು ಆರಂಭಿಸಿದ ಹುಡುಗ ಕೆಲವೇ ವರ್ಷಗಳಲ್ಲಿ ನಿಲ್ಲಬೇಕಾಗುತ್ತಿತ್ತು. ಉರ್ದು ಕಲಿತು ಮುಂದೆ ಹೋದವನಿಗೆ ತಹಶೀಲು ಕಚೇರಿಯ ನೌಕರಿ ಕೈಗೆಟಕುತ್ತಿತ್ತು. ಅವನು ಹಳ್ಳಿಯ ಶಾಲೆಗೆ ಮರಳುವ ಪ್ರಮೇಯವೇ ಇರಲಿಲ್ಲ. ಹೀಗಾಗಿ ಕನ್ನಡದಲ್ಲಿ ಕಲಿಸಬಲ್ಲ ಸ್ಥಳೀಯ ಶಿಕ್ಷಕರ ಪೀಳಿಗೆಯೊಂದು ಬೆಳೆಯಲೇ ಇಲ್ಲ.

ಹೊರಗಿನವರು ಬಂದು ನೌಕರಿ ಹಿಡಿಯುತ್ತಾರೆಂಬ ದೂರು ಆಗಲೂ ಇತ್ತು. ಉತ್ತರ ಭಾರತದಿಂದ ಬಂದ ಅಧಿಕಾರಿಗಳ ವಿರುದ್ಧ ಎದ್ದ ಅಸಮಾಧಾನದ ಫಲವಾಗಿ ಮುಲ್ಕಿ ನಿಯಮಗಳು ರೂಪುಗೊಂಡು 1919ರ ಫರ್ಮಾನಿನಲ್ಲಿ ಗಟ್ಟಿಯಾದವು. ಸಂಸ್ಥಾನದಲ್ಲಿ ಹುಟ್ಟಿದವರು ಅಥವಾ 15 ವರ್ಷ ನೆಲೆಸಿದವರು ಮುಲ್ಕಿಗಳು. ಸರ್ಕಾರಿ ನೌಕರಿ ಅವರಿಗೆ ಮೀಸಲು. ಆದರೆ ಮುಲ್ಕಿ ಎಂದರೆ ಇಡೀ ಸಂಸ್ಥಾನದವನು. ಹೈದರಾಬಾದ್ ನಗರದ ಉರ್ದು ಪದವೀಧರನೂ ದೇವದುರ್ಗದ ರೈತನ ಮಗನೂ ಆ ನಿಯಮದ ಕಣ್ಣಿಗೆ ಒಂದೇ. ಓದಿದವನು ಮೊದಲನೆಯವನಾದ್ದರಿಂದ ನೌಕರಿಯೂ ಅವನಿಗೇ ಹೋಗುತ್ತಿತ್ತು.

ಈ ಕೊರತೆಗೆ ಉತ್ತರ ಖಾಸಗಿ ಪ್ರಯತ್ನದಿಂದ ಬಂತು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಆರಂಭವಾಗಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು 1920ರ ಸುಮಾರಿಗೆ ಹಮ್‌ದರ್ದ್ ಶಾಲೆ ಕಟ್ಟಿದರು. ಹಿಂದೂ, ಮುಸ್ಲಿಂ ಎನ್ನದೆ ಎಲ್ಲರಿಗೂ ತೆರೆದಿದ್ದ ಆ ಶಾಲೆ ಕನ್ನಡ ಕಲಿಕೆಗೂ ರಾಷ್ಟ್ರೀಯ ವಿಚಾರಕ್ಕೂ ನೆಲೆಯಾಯಿತು. ನಿಜಾಮ ಸರ್ಕಾರದ ಕೆಂಗಣ್ಣಿಗೆ ಗುರಿಯಾದ ತಾರಾನಾಥರು ಸಂಸ್ಥಾನ ಬಿಟ್ಟು ನದಿಯಾಚೆ ತುಂಗಭದ್ರಾ ಎಂಬ ಊರಿನಲ್ಲಿ ಪ್ರೇಮಾಯತನ ಆಶ್ರಮ ಸ್ಥಾಪಿಸಿದರು. ಸ್ಥಾಪಕರು ಹೋದರೂ ಶಾಲೆ ನಿಂತಿತು. ಊರವರೇ ನಡೆಸುವ ಸಂಸ್ಥೆಯಾಗಿದ್ದರಿಂದ ಅಲ್ಲಿನ ಶಿಕ್ಷಕರಿಗೆ ಬೇರೆ ಊರಿಗೆ ವರ್ಗವಾಗುವ ಭಯವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಆದರೆ ಇಂಥ ಶಾಲೆಗಳು ನಗರದಲ್ಲಿ ಬೇರೂರಿದಷ್ಟು ತಾಲ್ಲೂಕುಗಳಲ್ಲಿ ಬೇರೂರಲಿಲ್ಲ.

ವಿಲೀನ ತಂದದ್ದು, ಕಳೆದದ್ದು

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದ ಸೇನೆಗೆ ಶರಣಾಯಿತು. ಶಾಲೆಗಳು ಕನ್ನಡಕ್ಕೆ ತಿರುಗಿದಾಗ ಕಲಿಸುವವರೇ ಸಾಲಲಿಲ್ಲ. ಕನ್ನಡ ಟ್ರೇನಿಂಗ್ ಕಾಲೇಜುಗಳ ಹಳೆಯ ಪರಂಪರೆಯಿದ್ದ ಧಾರವಾಡದ ಕಡೆಯಿಂದ, ಬಳ್ಳಾರಿ ಕಡೆಯಿಂದ ಶಿಕ್ಷಕರು ಬಂದರು. ಹಲವರು ಅಲ್ಲೇ ನೆಲೆಸಿ ಊರಿನ ಭಾಗವಾದರು. ಇನ್ನು ಕೆಲವರು ಅವಕಾಶ ಸಿಕ್ಕಾಗ ತವರು ಸೀಮೆಗೆ ಮರಳಿದರು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿತು. ಅದೇ ದಿನ ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ನೆರೆಹೊರೆಯ ತಾಲ್ಲೂಕುಗಳ ಹಣೆಬರಹ ಅಲ್ಲಿಂದ ಬೇರೆಯಾಯಿತು. ನೌಕರಿಗೆ ವಾಸದ ಷರತ್ತು ಹಾಕುವುದನ್ನು 1957ರ ಕೇಂದ್ರ ಕಾಯ್ದೆ ದೇಶದಾದ್ಯಂತ ರದ್ದುಮಾಡಿದರೂ, ಗದ್ವಾಲ ಸೇರಿದ್ದ ತೆಲಂಗಾಣಕ್ಕೆ ವಿನಾಯಿತಿ ಕೊಟ್ಟಿತು. 1973ರ 32ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 371(ಡಿ) ವಿಧಿ ಅಲ್ಲಿ ಸ್ಥಳೀಯರ ನೇಮಕಕ್ಕೆ ಭದ್ರ ನೆಲೆ ಒದಗಿಸಿತು. ಗದ್ವಾಲಕ್ಕೆ ಸಿಕ್ಕ ಈ ರಕ್ಷಣೆ ರಾಯಚೂರು, ಮಾನ್ವಿ, ದೇವದುರ್ಗಗಳಿಗೆ ಸಿಗಲಿಲ್ಲ. ಮುಲ್ಕಿ ನಿಯಮ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ.

1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರ ಹಳ್ಳಿಹಳ್ಳಿಗೆ ಶಾಲೆ ಬಂತು. ಅನೇಕವು ಏಕೋಪಾಧ್ಯಾಯ ಶಾಲೆಗಳು: ಒಂದು ಕೋಣೆ ಅಥವಾ ಊರ ಚಾವಡಿ, ಒಂದರಿಂದ ನಾಲ್ಕನೇ ತರಗತಿ, ಒಬ್ಬರೇ ಮಾಸ್ತರರು. ಅವರು ರಜೆ ಹಾಕಿದ ದಿನ ಶಾಲೆಗೇ ರಜೆ. ಅವರು ವರ್ಗವಾಗಿ ಬದಲಿಗೆ ಯಾರೂ ಬರದಿದ್ದರೆ ಶಾಲೆಗೆ ಬೀಗ. ಈ ಹುದ್ದೆಗಳಿಗೆ ಬೇಕಾದಷ್ಟು ಶಿಕ್ಷಕ ತರಬೇತಿ (ಟಿ.ಸಿ.ಎಚ್.) ಆದವರು ಜಿಲ್ಲೆಯಲ್ಲಿ ಇರಲಿಲ್ಲ. ಶಿಕ್ಷಣ ಮೊದಲೇ ಹಬ್ಬಿದ್ದ ದಕ್ಷಿಣದ ಮತ್ತು ಮುಂಬೈ ಕರ್ನಾಟಕದ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದರು. ಪೈಪೋಟಿ ಕಡಿಮೆಯಿದ್ದ ರಾಯಚೂರಿನಲ್ಲಿ ನೌಕರಿಗೆ ಸೇರಿ, ಕೆಲ ವರ್ಷದ ಮೇಲೆ ಸ್ವಂತ ಜಿಲ್ಲೆಗೆ ವರ್ಗ ಮಾಡಿಸಿಕೊಳ್ಳುವುದು ರೂಢಿಯಾಯಿತು. ಶಾಲೆಗೆ ಬಂದ ಹೊಸಬರು ಅಲ್ಲಿನ ಮಾತು, ಅಲ್ಲಿನ ಮಕ್ಕಳು, ಅಲ್ಲಿನ ಮನೆಗಳ ಪರಿಚಯ ಮಾಡಿಕೊಂಡು ಕೈ ಕುದುರುವ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಿದ್ದರು.

ಸರ್ಕಾರದ ನಡವಳಿಕೆಯೂ ಇದಕ್ಕೆ ಕುಮ್ಮಕ್ಕು ಕೊಟ್ಟಿತು. ತಪ್ಪು ಮಾಡಿದ ಅಥವಾ ಮೇಲಿನವರ ಸಿಟ್ಟಿಗೆ ಗುರಿಯಾದ ನೌಕರರನ್ನು ಬೀದರ್, ಕಲಬುರಗಿ, ರಾಯಚೂರು ಕಡೆಗೆ ಎತ್ತಿಹಾಕುವ ಪದ್ಧತಿ ದಶಕಗಳ ಕಾಲ ನಡೆಯಿತು. ‘ನೀರು ನೆರಳಿಲ್ಲದ ಜಾಗಕ್ಕೆ ವರ್ಗ’ ಎಂಬ ಬೆದರಿಕೆ ಕಚೇರಿಗಳಲ್ಲಿ ಸಾಮಾನ್ಯ ಮಾತಾಗಿತ್ತು. ಶಿಕ್ಷೆಯೆಂದು ಕಳುಹಿಸಿದ ಊರಿನಲ್ಲಿ ಮನಸ್ಸಿಟ್ಟು ನಿಲ್ಲುವವರು ವಿರಳ.

ಯೋಜನೆಗಳ ದಶಕ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಬಂದ ಆಪರೇಷನ್ ಬ್ಲಾಕ್‌ಬೋರ್ಡ್ ಏಕೋಪಾಧ್ಯಾಯ ಶಾಲೆಗಳಿಗೆ ಎರಡನೇ ಶಿಕ್ಷಕರನ್ನು ಕೊಡುವ ಗುರಿ ಇಟ್ಟುಕೊಂಡಿತು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿ.ಪಿ.ಇ.ಪಿ.) 1994ರಲ್ಲಿ ಆರಂಭವಾದಾಗ ಕರ್ನಾಟಕದ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಒಂದು, ಉಳಿದವು ಬೆಳಗಾವಿ, ಕೋಲಾರ, ಮಂಡ್ಯ. ಮಹಿಳಾ ಸಾಕ್ಷರತೆಯ ಕೊರತೆಯೇ ಆಯ್ಕೆಯ ಮುಖ್ಯ ಅಳತೆಗೋಲು. ಕೊಠಡಿಗಳು ಎದ್ದವು, ಶಿಕ್ಷಕರ ತರಬೇತಿ ನಿಯಮಿತವಾಯಿತು, ತಾಲ್ಲೂಕಿಗೆ ಬಿ.ಆರ್.ಸಿ., ಹಳ್ಳಿಗಳ ಗುಂಪಿಗೆ ಸಿ.ಆರ್.ಸಿ. ಎಂಬ ಸಂಪನ್ಮೂಲ ಕೇಂದ್ರಗಳು ಬಂದವು. ರಾಯಚೂರು ನಗರದ ಹೊರಗಿನ ಯರಮರಸ್‌ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ತರಬೇತಿಯ ಜಿಲ್ಲಾ ಕೇಂದ್ರವಾಯಿತು. 2001ರ ನಂತರ ಸರ್ವ ಶಿಕ್ಷಾ ಅಭಿಯಾನ ಇದನ್ನೇ ಮುಂದುವರಿಸಿತು.

ಈ ಯೋಜನೆಗಳ ಒಳ್ಳೆಯ ಫಲದ ಜೊತೆಗೆ ಒಂದು ಅಡ್ಡಫಲವೂ ಇತ್ತು. ಸಂಪನ್ಮೂಲ ವ್ಯಕ್ತಿಗಳನ್ನು ಆರಿಸುತ್ತಿದ್ದುದು ಸೇವೆಯಲ್ಲಿದ್ದ ಶಿಕ್ಷಕರಿಂದಲೇ. ಪರೀಕ್ಷೆ ಪಾಸಾಗಿ ಸಿ.ಆರ್.ಪಿ., ಬಿ.ಆರ್.ಪಿ. ಆದವರು ಬಹುತೇಕ ಚುರುಕಾದವರೇ. ಅವರು ಬೇರೆ ಶಾಲೆಗಳಿಗೆ ಮಾರ್ಗದರ್ಶನ ಮಾಡಲು ಹೊರಟಾಗ ಅವರ ತರಗತಿಗೆ ಬದಲಿ ಶಿಕ್ಷಕರು ಸಿಗುವುದು ತಡವಾಗುತ್ತಿತ್ತು. ಶಿಕ್ಷಕರೇ ಕಡಿಮೆಯಿದ್ದ ತಾಲ್ಲೂಕಿನಲ್ಲಿ ಚೆನ್ನಾಗಿ ಕಲಿಸುವವರಿಗೆ ಸಿಗುತ್ತಿದ್ದ ಮನ್ನಣೆಯೆಂದರೆ ಕಲಿಸುವ ಕೆಲಸದಿಂದ ಬಿಡುಗಡೆ ಎಂಬಂತಾಯಿತು. ಕಚೇರಿಗಳಿಗೆ ನಿಯೋಜನೆಯ ಮೇಲೆ ಹೋದವರ ಮಾತೂ ಇದೇ.

ಪ್ರಾದೇಶಿಕ ಅಸಮಾನತೆ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿ, 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದಿತು. ದೇವದುರ್ಗ ಮತ್ತು ಮಾನ್ವಿ ಆ ಕೊನೆಯ ಗುಂಪಿನಲ್ಲಿದ್ದವು. 2001ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 48.81, ಮಹಿಳೆಯರದು ಶೇ 35.93. ಶಿಕ್ಷಕರ ಪ್ರಶ್ನೆಗೂ ಈ ಅಂಕಿಗೂ ನೇರ ನಂಟಿದೆ. ಹೈಸ್ಕೂಲು ಮುಗಿಸುವ ಹುಡುಗಿಯರೇ ಕಡಿಮೆಯಿದ್ದ ಕಡೆ ಶಿಕ್ಷಕಿಯಾಗಿ ತಮ್ಮ ಊರಿಗೆ ಮರಳುವವರು ಇನ್ನೂ ಕಡಿಮೆ. ಶಿಕ್ಷಕಿಯಿಲ್ಲದ ಶಾಲೆಗೆ ದೊಡ್ಡ ಹುಡುಗಿಯರನ್ನು ಕಳುಹಿಸಲು ಮನೆಯವರು ಹಿಂಜರಿಯುತ್ತಿದ್ದರು.

ಶಿಫಾರಸು ಪತ್ರದಿಂದ ಕೌನ್ಸೆಲಿಂಗ್‌ವರೆಗೆ

ಹಿಂದೆ ಶಿಕ್ಷಕರ ವರ್ಗಾವಣೆ ಬಹುಮಟ್ಟಿಗೆ ಜನಪ್ರತಿನಿಧಿಗಳ ಶಿಫಾರಸು ಪತ್ರದ ಮೇಲೆ ನಡೆಯುತ್ತಿತ್ತು. 2007ರಲ್ಲಿ ಬಂದ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಲಾಯಿತು: ನಗರ, ಪಟ್ಟಣದ ಒಳಗಿನವು ಎ, ಅವುಗಳ ಆಸುಪಾಸಿನವು ಬಿ, ದೂರದ ಹಳ್ಳಿಗಳವು ಸಿ. ಸೇವೆಯ ವರ್ಷ, ವಲಯ, ಕಾಯಿಲೆ, ಅಂಗವೈಕಲ್ಯ, ಪತಿ-ಪತ್ನಿ ಪ್ರಕರಣ ಮುಂತಾದ ಆಧಾರದ ಮೇಲೆ ಆದ್ಯತಾ ಪಟ್ಟಿ ತಯಾರಾಗುತ್ತದೆ. ಕೌನ್ಸೆಲಿಂಗ್ ದಿನ ಪಟ್ಟಿಯ ಕ್ರಮದಲ್ಲಿ ಹೆಸರು ಕೂಗುತ್ತಾರೆ. ಪರದೆಯ ಮೇಲಿನ ಖಾಲಿ ಹುದ್ದೆಗಳಲ್ಲಿ ಒಂದನ್ನು ಶಿಕ್ಷಕರು ಆರಿಸಿಕೊಳ್ಳುತ್ತಾರೆ. ಎ ವಲಯದಲ್ಲಿ ಬಹುಕಾಲ ಬೇರುಬಿಟ್ಟವರನ್ನು ಹೊರಗೆ ಕಳುಹಿಸುವ ಕಡ್ಡಾಯ ವರ್ಗಾವಣೆ 2019ರಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾಯಿತು. 2020ರಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂತು.

ಕೌನ್ಸೆಲಿಂಗ್ ಶಿಕ್ಷಕರಿಗೆ ನ್ಯಾಯ ಕೊಟ್ಟಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪರದೆಯ ಮೇಲೆ ಮೊದಲು ಭರ್ತಿಯಾಗುವುದು ರಾಯಚೂರು ನಗರ ಮತ್ತು ಅದರ ಸುತ್ತಲಿನ ಶಾಲೆಗಳು, ಆಮೇಲೆ ಮಾನ್ವಿಯಂಥ ಪಟ್ಟಣಗಳು. ಕೊನೆಗೆ ಉಳಿಯುವುದು ಬಸ್ಸು ಅಪರೂಪವಾದ ಹಳ್ಳಿಗಳು. ಸಿ ವಲಯದ ಸೇವೆಗೆ ಹೆಚ್ಚು ಅಂಕ ಕೊಟ್ಟದ್ದು ಅಲ್ಲಿಗೆ ಹೋಗಲು ಆಸೆ ಹುಟ್ಟಿಸಿದಷ್ಟೇ, ಅಂಕ ಕೂಡಿದ ಮೇಲೆ ಹೊರಡಲೂ ದಾರಿ ಮಾಡಿತು. ಯಾರ ತರಗತಿಯಲ್ಲಿ ಮಕ್ಕಳು ಚೆನ್ನಾಗಿ ಓದಲು ಕಲಿತರು ಎಂಬುದಕ್ಕೆ ಆ ಪಟ್ಟಿಯಲ್ಲಿ ಅಂಕಣವೇ ಇಲ್ಲ.

ಇದನ್ನು ತಡೆಯಲು ಕಾಯ್ದೆ ಇನ್ನೊಂದು ಗೋಡೆ ಎಬ್ಬಿಸಿತು: ಖಾಲಿ ಹುದ್ದೆಗಳು ನಿಗದಿತ ಮಿತಿ ಮೀರಿದ ತಾಲ್ಲೂಕಿನಿಂದ ಶಿಕ್ಷಕರು ಹೊರಹೋಗುವಂತಿಲ್ಲ. ರಾಯಚೂರನ್ನೂ ಒಳಗೊಂಡ ಕಲ್ಯಾಣ ಕರ್ನಾಟಕ ಪ್ರದೇಶದ ಹಲವು ತಾಲ್ಲೂಕುಗಳಲ್ಲಿ ಇದರಿಂದ ವರ್ಷಗಟ್ಟಲೆ ಸಿಕ್ಕಿಕೊಂಡವರ ಅಸಮಾಧಾನ ಬೆಳೆಯಿತು. ದೂರದ ಊರಿನಲ್ಲಿ ಸಂಸಾರ, ಹಳ್ಳಿಯಲ್ಲಿ ನೌಕರಿ ಎಂಬ ಸ್ಥಿತಿಯಲ್ಲಿ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದರೂ ಮನಸ್ಸು ಶಾಲೆಯಲ್ಲಿ ಉಳಿಯುವ ಖಾತ್ರಿಯಿಲ್ಲ.

ಜಿಲ್ಲೆಯೊಳಗಿನ ಓಡಾಟವೂ ಶಾಲೆಯ ಹೊತ್ತನ್ನು ತಿನ್ನುತ್ತದೆ. ಮಕ್ಕಳ ಓದು, ಬಾಡಿಗೆ ಮನೆ, ಆಸ್ಪತ್ರೆಗಳ ಅನುಕೂಲಕ್ಕಾಗಿ ಅನೇಕ ಶಿಕ್ಷಕರು ರಾಯಚೂರಿನಲ್ಲಿ ಮನೆ ಮಾಡಿ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾರೆ. ಗಬ್ಬೂರಿನ ಮೇಲೆ ದೇವದುರ್ಗಕ್ಕೆ, ಕಲ್ಲೂರಿನ ಮೇಲೆ ಮಾನ್ವಿಗೆ ಸಾಗುವ ಬೆಳಗಿನ ಬಸ್ಸುಗಳಲ್ಲಿ ಟಿಫಿನ್ ಡಬ್ಬಿ, ಉತ್ತರಪತ್ರಿಕೆಗಳ ಕಟ್ಟು ಹಿಡಿದವರು ಕಾಣುವುದು ಸಾಮಾನ್ಯ. ಮುಖ್ಯರಸ್ತೆಯಿಂದ ಒಳಗಿನ ಹಳ್ಳಿಗೆ ಮತ್ತೆ ಟಂಟಂ ಅಥವಾ ಬೈಕು ಹಿಡಿಯಬೇಕು. ಸಂಜೆಯ ಬಸ್ಸಿನ ಹೊತ್ತು ಶಾಲೆಯ ಕೊನೆಯ ಗಂಟೆಯನ್ನು ನಿರ್ಧರಿಸುತ್ತದೆ. ದಸರೆ ಕಳೆದ ಮೇಲೆ ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ ಹೋಗುವ ಮನೆಗಳ ಮಕ್ಕಳನ್ನು ಉಳಿಸಿಕೊಳ್ಳಬೇಕಾದರೆ ಸಂಜೆ ಮನೆಗೆ ಹೋಗಿ ಮಾತಾಡುವ ಶಿಕ್ಷಕರು ಬೇಕು. ಐದರ ಬಸ್ಸಿಗೆ ಓಡುವವರಿಗೆ ಅದು ಆಗದ ಮಾತು.

371(ಜೆ) ಮತ್ತು ಸ್ಥಳೀಯ ವೃಂದ

ದೀರ್ಘ ಹೋರಾಟದ ಬಳಿಕ 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಅಂಗೀಕರಿಸಿ 371(ಜೆ) ವಿಧಿಯನ್ನು ಸೇರಿಸಿತು. ಗದ್ವಾಲದ ಕಡೆಗೆ ಸ್ಥಳೀಯ ನೇಮಕದ ಇಂಥ ರಕ್ಷಣೆ ಸಿಕ್ಕ 39 ವರ್ಷಗಳ ಮೇಲೆ ರಾಯಚೂರಿನ ಸರದಿ ಬಂತು. 2013ರ ಆದೇಶದಂತೆ ಕಲ್ಯಾಣ ಕರ್ನಾಟಕ ಪ್ರದೇಶದ ಎ ಮತ್ತು ಬಿ ವೃಂದದ ಹುದ್ದೆಗಳಲ್ಲಿ ಶೇ 75, ಸಿ ವೃಂದದಲ್ಲಿ ಶೇ 80, ಡಿ ವೃಂದದಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಪ್ರಾಥಮಿಕ ಶಾಲಾ ಶಿಕ್ಷಕರು ಸಿ ವೃಂದದಲ್ಲಿ ಬರುತ್ತಾರೆ. ಪ್ರದೇಶದಲ್ಲಿ ಹುಟ್ಟಿದವರು ಅಥವಾ 2013ರ ಜನವರಿ 1ಕ್ಕೆ ಹಿಂದಿನ 10 ವರ್ಷ ಅಲ್ಲಿ ವಾಸವಿದ್ದವರು ಸ್ಥಳೀಯ ವ್ಯಕ್ತಿಯ ಪ್ರಮಾಣಪತ್ರಕ್ಕೆ ಅರ್ಹರು. ಬೇರೆ ಪ್ರದೇಶದಿಂದ ಬಂದು, ನೌಕರಿ ಹಿಡಿದು, ಹಿಂದಿರುಗುವ ಹಳೆಯ ದಾರಿ ಇದರಿಂದ ಕಿರಿದಾಯಿತು.

ಆದರೆ ಮುಲ್ಕಿ ನಿಯಮದ ಕೊರತೆಯೇ ಬೇರೆ ಅಳತೆಯಲ್ಲಿ ಇಲ್ಲೂ ಉಳಿಯಿತು. ಪ್ರದೇಶವೆಂದರೆ ಕಲಬುರಗಿ, ಬಳ್ಳಾರಿಗಳೂ ಸೇರಿದ ವಿಶಾಲ ಸೀಮೆ. ಬೀದರಿನ ಅಭ್ಯರ್ಥಿಗೆ ದೇವದುರ್ಗ ತವರಲ್ಲ. ದೇವದುರ್ಗದಲ್ಲಿ ಹುಟ್ಟಿದವರಿಗೂ ರಾಯಚೂರಿನ ಸೆಳೆತ ತಪ್ಪಿದ್ದಲ್ಲ. ಮೀಸಲು ಹುದ್ದೆಗೆ ಅರ್ಹರು ಸಿಗುವುದೂ ಹಿಂದಿನ ತಲೆಮಾರಿನ ಶಾಲೆಗಳು ಹೇಗಿದ್ದವು ಎಂಬುದನ್ನು ಅವಲಂಬಿಸಿದೆ. 2022ರಲ್ಲಿ ಸರ್ಕಾರ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ಆ ನೇಮಕಾತಿ ನ್ಯಾಯಾಲಯದ ವ್ಯಾಜ್ಯಗಳನ್ನು ದಾಟಿ 2023ರ ಕೊನೆಯ ಹೊತ್ತಿಗೆ ದಡ ಸೇರಿದಾಗಲೂ ಎಲ್ಲ ಹುದ್ದೆಗಳು ತುಂಬಲಿಲ್ಲ.

ತುಂಬದ ಜಾಗಕ್ಕೆ ಅತಿಥಿ ಶಿಕ್ಷಕರು ಬಂದರು. ಶೈಕ್ಷಣಿಕ ವರ್ಷದ ಆರಂಭದ ಹೊತ್ತಿಗೆ ನೇಮಕ, ವರ್ಷಾಂತ್ಯಕ್ಕೆ ಬಿಡುಗಡೆ, ಕಾಯಂ ಶಿಕ್ಷಕರ ಸಂಬಳದ ಸಣ್ಣ ಪಾಲಿನಷ್ಟು ಗೌರವಧನ. ಇವರಲ್ಲಿ ಬಹುತೇಕರು ಅದೇ ಊರಿನ, ಇಲ್ಲವೇ ಪಕ್ಕದ ಊರಿನ ಡಿ.ಇಡಿ., ಬಿ.ಇಡಿ. ಓದಿದ ಯುವಕ ಯುವತಿಯರು. ಮಕ್ಕಳ ಮನೆಮಾತು ಬಲ್ಲವರು, ಪೋಷಕರಿಗೆ ಪರಿಚಿತರು, ಸಂಜೆ ಬಸ್ಸು ಹಿಡಿಯಬೇಕಿಲ್ಲದವರು. ಊರಲ್ಲಿ ನಿಲ್ಲಬಲ್ಲ ಶಿಕ್ಷಕರಿಗೆ ನೌಕರಿಯ ಭದ್ರತೆಯಿಲ್ಲ; ಭದ್ರತೆಯುಳ್ಳವರು ಊರಲ್ಲಿ ನಿಲ್ಲುವುದಿಲ್ಲ. ಮಂಜೂರಾದ ಹುದ್ದೆಗಳಲ್ಲಿ ಖಾಲಿ ಪ್ರಮಾಣ ಶೇ 10 ಮೀರಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಮು ಹೇಳುತ್ತದೆ. ಅತಿಥಿ ಶಿಕ್ಷಕರ ವ್ಯವಸ್ಥೆ ಆ ಕಲಮಿನ ಉಲ್ಲಂಘನೆಯ ನೋವನ್ನು ಕಡಿಮೆ ಮಾಡಿದೆಯೇ ಹೊರತು ಅದನ್ನು ಪಾಲಿಸಿದಂತಾಗಿಲ್ಲ.

2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 59.56ಕ್ಕೂ ಮಹಿಳಾ ಸಾಕ್ಷರತೆ ಶೇ 48.73ಕ್ಕೂ ಏರಿತು. ರಾಜ್ಯದ ಸರಾಸರಿ ಆಗ ಶೇ 75.36. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದ ಎರಡರಲ್ಲಿ ರಾಯಚೂರು ಒಂದು, ಯಾದಗಿರಿ ಇನ್ನೊಂದು.

ಈ ಒಂದೂವರೆ ಶತಮಾನದ ಅನುಭವದಿಂದ ಹೊರಡುವ ತೀರ್ಮಾನ ಸ್ಪಷ್ಟ. ಹೊರಹೋಗದಂತೆ ತಡೆಯುವ ನಿಯಮಗಳು ಶಿಕ್ಷಕರ ಹೆಸರನ್ನು ಹಿಡಿದಿಟ್ಟವು, ಕಲಿಸುವ ಹುರುಪನ್ನು ಹಿಡಿದಿಡಲಿಲ್ಲ. ಶಿಕ್ಷಕರು ನಿಜವಾಗಿ ನಿಂತದ್ದು ಬದುಕು ಮತ್ತು ಶಾಲೆ ಒಂದೇ ಊರಲ್ಲಿದ್ದ ಕಡೆ: ಐಗಳ ಕಟ್ಟೆಯಲ್ಲಿ, ಹಮ್‌ದರ್ದ್‌ನಂಥ ಸಂಸ್ಥೆಗಳಲ್ಲಿ, ಧಾರವಾಡದಿಂದ ಬಂದು ಊರವರೇ ಆಗಿಹೋದ ಮಾಸ್ತರರ ಶಾಲೆಗಳಲ್ಲಿ. ದೇವದುರ್ಗ, ಮಾನ್ವಿಗಳ ಹುಡುಗಿಯರು ಹೈಸ್ಕೂಲು ದಾಟಿ ಶಿಕ್ಷಕಿಯರಾಗಿ ಮರಳುವಂತಾಗಬೇಕು. ಹಳ್ಳಿಯಲ್ಲಿ ಇರಲು ಯೋಗ್ಯವಾದ ಮನೆ ಇರಬೇಕು. ಚೆನ್ನಾಗಿ ಕಲಿಸುವವರಿಗೆ ತರಗತಿಯಲ್ಲೇ ಮನ್ನಣೆ ಸಿಗಬೇಕು. ಇವು ಮೂರೂ ಕೂಡಿಬರದೆ, ಹೊಸ ನೇಮಕಾತಿ ಎಷ್ಟು ನಡೆದರೂ ಜಿಲ್ಲೆಯ ಖಾಲಿ ಹುದ್ದೆಗಳು ರಾಯಚೂರಿನಿಂದ ದೂರದ ಹಳ್ಳಿಗಳಲ್ಲೇ ಉಳಿಯುತ್ತವೆ.